ತೊಟ್ಟಿಯಕ್ಕನ ಕೊಳದಲ್ಲಿ ನೀರು ಏರಿದ್ದು

ನನ್ನ ಅಕ್ಕ ಯಾರ ಮನೆಗೆ ಹೋದರೂ ಕುಡಿಯಲು ಕೊಟ್ಟ ಲೋಟದಿಂದ ಒಂದಿಷ್ಟು ನೀರನ್ನು ನೆಲಕ್ಕೆ ಚೆಲ್ಲುತ್ತಾಳೆ. ಕೈ ತಪ್ಪಿ ಚೆಲ್ಲಿದಂತೆಯೇ ಕಾಣುತ್ತದೆ. ಮನೆಯವರು “ಪರವಾಗಿಲ್ಲ ಬಿಡಿ” ಎನ್ನುತ್ತಾ ಒರೆಸುವ ಬಟ್ಟೆ ತರಲು ಒಳಗೆ ಹೋಗುತ್ತಾರೆ. ಅಷ್ಟರಲ್ಲಿ ನೀರು ಯಾವ ಕಡೆ ಹರಿಯಿತು, ಎಲ್ಲಿ ನಿಂತಿತು ಎಂಬುದನ್ನು ಅಕ್ಕ ನೋಡಿ ಮುಗಿಸಿರುತ್ತಾಳೆ. ಬೀದಿಗೆ ಬಂದ ಮೇಲೆ ನನ್ನ ತೋಳು ಹಿಡಿದು ಹೇಳುತ್ತಾಳೆ: “ಬಚ್ಚಲಿಗೆ ಹೋಗಬೇಕಾದ ನೀರು ಮಲಗೋ ಕೋಣೆಗೆ ಹೋಗ್ತಿದೆ ಕಣೋ. ಈ ನೆಲ ಹಾಕಿದ ಪುಣ್ಯಾತ್ಮ ಸಿಕ್ಕಿದ್ರೆ ಒಂದು ಮಾತು ಕೇಳಬೇಕು.” ಆ ಮನೆಯವರು ಏನು ಮಾತಾಡಿದರು, ತಿನ್ನಲು ಏನು ಕೊಟ್ಟರು ಎಂದು ಕೇಳಿದರೆ ಅವಳಿಗೆ ನೆನಪೇ ಇರುವುದಿಲ್ಲ.

ಅಕ್ಕ ಈಜುಕೊಳ ಕಟ್ಟುತ್ತಾಳೆ. ಆದರೆ ಆ ಮಾತನ್ನು ಅವಳು ಬಳಸುವುದಿಲ್ಲ. ನಮ್ಮ ಅಪ್ಪ ನೀರಿನ ತೊಟ್ಟಿ ಕಟ್ಟುವ ಗಾರೆ ಕೆಲಸದವರಾಗಿದ್ದರು. ಅಕ್ಕ ಗಾರೆ ಬಳಿಯುವ ಕರಣೆ ಹಿಡಿಯಲು ಕಲಿತದ್ದು ಅವರ ಪಕ್ಕದಲ್ಲಿ ಕೂತು. “ಈಜುಕೊಳ ಅನ್ನೋದೆಲ್ಲ ದುಡ್ಡಿದ್ದೋರು ಇಟ್ಟ ಹೆಸರು,” ಎನ್ನುತ್ತಾಳೆ. “ಹಾಕಿದ ನೀರು ಹಾಕಿದಷ್ಟೇ ಇರಬೇಕು. ಇದ್ರೆ ತೊಟ್ಟಿ, ಇಲ್ದಿದ್ರೆ ಗುಂಡಿ.” ಹೀಗಾಗಿ ಕೆಲಸಗಾರರಿಗೆಲ್ಲ ಅವಳು ತೊಟ್ಟಿಯಕ್ಕ. ಅವಳ ಗಂಡ, ಅಂದರೆ ನಮ್ಮ ಭಾವ, ಪೈಪು, ಪಂಪು, ಫಿಲ್ಟರು ನೋಡಿಕೊಳ್ಳುವವರು. ಅವರು ಪಂಪಣ್ಣ.

ಇವರಿಬ್ಬರ ಪರಿಚಯ ಆದದ್ದೇ ಜಗಳದಿಂದ. ಅಪ್ಪ ಒಂದು ತೊಟ್ಟಿಯ ಒಳಗೋಡೆಯ ಗಾರೆಯನ್ನು ಪೂರ್ತಿಯಾಗಿ ಅಕ್ಕನಿಗೆ ಬಿಟ್ಟುಕೊಟ್ಟಿದ್ದರು. ಅದು ಅವಳ ಮೊದಲ ಸ್ವಂತ ಗೋಡೆ. ದಿನಗಟ್ಟಲೆ ನೀರು ಕುಡಿಸಿ, ಅಂಗೈಯಿಂದ ಸವರಿ, ಅದನ್ನು ಮಗುವಿನ ಬೆನ್ನಿನ ಹಾಗೆ ಮಾಡಿಟ್ಟಿದ್ದಳು. ಪೈಪ್ ಹಾಕಲು ಬಂದ ಯುವಕ ಉಳಿ ಇಟ್ಟು ಸುತ್ತಿಗೆಯಿಂದ ಒಂದೇ ಏಟು ಹೊಡೆದ.

“ಯಾರೋ ನೀನು, ನನ್ನ ಗೋಡೆಗೆ ತೂತು ಹಾಕೋಕೆ?”

“ತೂತಿಲ್ಲದೆ ನೀರು ಎಲ್ಲಿಂದ ಬರುತ್ತೆ ತಾಯಿ? ನಿನ್ನ ಮುಖ ನೋಡಿ ಉಕ್ಕುತ್ತಾ?”

ಅಕ್ಕ ಭಾವನ ಉಳಿಯನ್ನು ಕಿತ್ತುಕೊಂಡು ಮನೆಗೆ ತಂದಳು. ಅದನ್ನು ಕೇಳಲು ಬಂದವರು ಅಪ್ಪನ ಜೊತೆ ಮಾತಾಡುತ್ತಾ ಕೂತರು. ಮಾರನೆಯ ವಾರವೂ ಬಂದರು. ಉಳಿ ಆಗಲೇ ಅವರ ಕೈ ಸೇರಿತ್ತು, ಆದರೂ ಬಂದರು. ಮದುವೆ ಆಯಿತು, ಜಗಳ ಹಾಗೆಯೇ ಮುಂದುವರಿಯಿತು.

ಜಗಳದ ವಿಷಯವೂ ಬದಲಾಗಲಿಲ್ಲ: ಕೊಳ ಅಂದರೆ ನಿಜವಾಗಿ ಯಾವುದು? ಅಕ್ಕನ ಪ್ರಕಾರ ಕೊಳ ಅಂದರೆ ತೊಟ್ಟಿ. ನೆಲ ಅಗೆದು, ಕಂಬಿಯ ಬಲೆ ಕಟ್ಟಿ, ಅದರ ಮೇಲೆ ಕಾಂಕ್ರೀಟನ್ನು ದಪ್ಪ ಕೊಳವೆಯಿಂದ ಗಾಳಿಯ ಒತ್ತಡದಲ್ಲಿ ಉಗುಳಿಸುತ್ತಾರೆ. ಇದಕ್ಕೆ ಗನೈಟ್ ಎಂದು ಹೆಸರು. ಹಾಗೆ ಉಗುಳಿಸುವಾಗ ಒಂದಷ್ಟು ಚೂರು ಗೋಡೆಗೆ ಬಡಿದು ಪುಟಿದು ಕೆಳಗೆ ಬೀಳುತ್ತದೆ. ಅದರಲ್ಲಿ ಸಿಮೆಂಟು ಕಡಿಮೆ, ಜಲ್ಲಿ ಹೆಚ್ಚು. ಆದ್ದರಿಂದ ಅದನ್ನು ಎಸೆಯಬೇಕು. ಆ ಚೂರನ್ನು ಸಲಿಕೆಯಲ್ಲಿ ಬಾಚಿ ಮೆಲ್ಲಗೆ ಮೂಲೆಗೆ ತುಂಬುವ ಸೋಮಾರಿಗಳನ್ನು ಅಕ್ಕ ಬೆನ್ನು ತಿರುಗಿಸಿ ನಿಂತಿದ್ದರೂ ಸದ್ದಿನಲ್ಲೇ ಹಿಡಿಯುತ್ತಾಳೆ. ಆಮೇಲೆ ಗಾರೆ, ನೀರು ತಡೆಯುವ ಲೇಪ, ಟೈಲಿನ ಬಿಲ್ಲೆ, ಕೊನೆಗೆ ಅಂಚಿನ ಮೇಲೆ ಕೂರುವ ಕಲ್ಲು. ಆ ಅಂಚುಕಲ್ಲಿಗೆ ಕೋಪಿಂಗ್ ಎನ್ನುತ್ತಾರೆ. ಅದನ್ನು ಕೂರಿಸುವ ದಿನ ಮಟ್ಟ ನೋಡುವ ರಸಮಟ್ಟ ಹಿಡಿದ ಅಕ್ಕನನ್ನು ಯಾರೂ ಮಾತಾಡಿಸುವಂತಿಲ್ಲ. ಅಂಚು ಒಂದು ಕಡೆ ಕೂದಲೆಳೆಯಷ್ಟು ತಗ್ಗಿದರೂ ನೀರು ತುಂಬಿದ ಮೇಲೆ ಊರಿಗೆಲ್ಲ ಕಾಣುತ್ತದೆ. ಗೋಡೆಯ ಡೊಂಕನ್ನು ಬಣ್ಣ ಬಳಿದು ಮರೆಸಬಹುದು. ನೀರನ್ನು ಸುಳ್ಳು ಹೇಳಿಸಲು ಆಗುವುದಿಲ್ಲ.

ಭಾವನ ಪ್ರಕಾರ ಇದೆಲ್ಲ ಬರೀ ಪಾತ್ರೆ. ಕೊಳ ಅಂದರೆ ನೀರಿನ ಓಡಾಟ. “ನಿನ್ನ ತೊಟ್ಟೀಲಿ ನೀರು ಸುಮ್ನೆ ನಿಂತ್ರೆ ವಾರಕ್ಕೆ ಹಸಿರು, ಎರಡು ವಾರಕ್ಕೆ ಸೊಳ್ಳೆ ಛತ್ರ,” ಎಂದು ಅವರು.

“ನನ್ನ ತೊಟ್ಟಿ ಇಲ್ದಿದ್ರೆ ನಿಮ್ಮ ಪಂಪು ಏನು ಗಾಳಿ ಕುಡಿಯುತ್ತಾ ರೀ?” ಎಂದು ಇವಳು.

ನಾನು ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತೇನೆ. ಹಾಗಾಗಿ ಮಧ್ಯಸ್ಥಿಕೆ ಎಂದಿನಿಂದಲೂ ನನ್ನ ಪಾಲಿಗೆ. “ನೀನು ಬಿ.ಎಸ್ಸಿ. ಓದಿದ್ದೀಯಲ್ಲ, ನೀನೇ ಹೇಳು,” ಎಂದು ಇಬ್ಬರೂ ಕೇಳುತ್ತಾರೆ. ಹೇಳಿದ್ದನ್ನು ಇಬ್ಬರೂ ಒಪ್ಪುವುದಿಲ್ಲ.

ಈಗ ಹೇಳಹೊರಟಿರುವುದು ಫಿಸಿಯೋಥೆರಪಿ ಮಾಡುವ ಒಬ್ಬ ಡಾಕ್ಟರಮ್ಮನ ಕೊಳದ ಸಂಗತಿ. ಮಂಡಿ, ಸೊಂಟ, ಭುಜ ಹಿಡಿದುಕೊಂಡವರಿಗೆ ನೀರಿನಲ್ಲಿ ವ್ಯಾಯಾಮ ಮಾಡಿಸಲು ಅವರು ತಮ್ಮ ಚಿಕಿತ್ಸಾಲಯದ ಹಿಂಭಾಗದಲ್ಲಿ ಎದೆಮಟ್ಟದ ಒಂದು ಕೊಳವನ್ನೂ ಅದರ ಪಕ್ಕಕ್ಕೆ ಒಂದು ಸಣ್ಣ ಸ್ಪಾ ತೊಟ್ಟಿಯನ್ನೂ ಕಟ್ಟಿಸಿದ್ದರು. ಮೊದಲ ರೋಗಿ ಅವರ ಸ್ವಂತ ತಾಯಿ. ನಾವೆಲ್ಲ ಅಜ್ಜಿ ಎನ್ನುತ್ತಿದ್ದೆವು. ಅಜ್ಜಿಯ ಎರಡೂ ಮಂಡಿ ಹಟ ಹಿಡಿದಿದ್ದವು; ಬಾಯಿ ಮಾತ್ರ ಸಲೀಸಾಗಿ ಓಡುತ್ತಿತ್ತು. ಅವರು ದಿನಾ ಬೆಳಿಗ್ಗೆಯೂ ಮಧ್ಯಾಹ್ನವೂ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಕೊಳದ ಪಕ್ಕದ ಕುರ್ಚಿಯಲ್ಲಿ ಕೂತು, ಮಗಳು ಹೇಳಿಕೊಟ್ಟಂತೆ ಕಾಲನ್ನು ಎತ್ತುತ್ತಾ ಇಳಿಸುತ್ತಾ, “ಇವತ್ತು ಇಳೀಬಹುದಾ?” ಎಂದು ಕೇಳುತ್ತಿದ್ದರು.

ಇಳಿಯುವ ತನಕ ಹೊತ್ತು ಹೋಗಬೇಕಲ್ಲ, ಭಾವನ ಸಾಮಾನುಗಳನ್ನೆಲ್ಲ ಒಂದೊಂದಾಗಿ ವಿಚಾರಿಸಿದರು.

“ಗೋಡೇಲಿ ಈ ಚೌಕದ ಬಾಯಿ ಏನಪ್ಪಾ?”

“ಅದು ಸ್ಕಿಮ್ಮರ್ ಅಜ್ಜಿ. ನೀರಿನ ಮೇಲೆ ತೇಲೋ ಎಲೆ, ಕೂದಲು, ಹುಳ ಎಲ್ಲಾನೂ ಒಳಗೆ ಎಳ್ಕೊಳ್ಳುತ್ತೆ. ಒಳಗೊಂದು ಬುಟ್ಟಿ ಇರುತ್ತೆ, ಅದ್ರಲ್ಲಿ ಕೂಡಿಡುತ್ತೆ.”

“ನಮ್ಮ ಬೀದೀಲಿ ಒಬ್ಬಳಿದ್ದಾಳೆ, ಥೇಟ್ ಹೀಗೇ. ಅವಳದ್ದು ಬುಟ್ಟಿ ಖಾಲಿ ಮಾಡೋರೇ ಇಲ್ಲ. ತಳದಲ್ಲಿ ಜಾಲರಿ ಯಾಕೆ ಎರಡು?”

“ತಳದ ನೀರು ಹೋಗೋ ದಾರಿ ಅದು. ಒಂದೇ ಇದ್ದು, ಅದರ ಮೇಲೆ ಯಾರಾದ್ರೂ ಕೂತ್ರೆ ಪಂಪು ಹಿಡಿದು ಎಳೆಯುತ್ತೆ, ಏಳೋಕೆ ಬಿಡಲ್ಲ. ಎರಡಿದ್ರೆ ಇನ್ನೊಂದರಿಂದ ಎಳ್ಕೊಳ್ಳುತ್ತೆ, ಕೂತವರು ಬಚಾವು.”

“ಆಫೀಸಿನ ಕುರ್ಚಿಗಳಿಗೂ ಹಾಗೇ ಮಾಡಬೇಕಿತ್ತು. ಕೂತವರು ಏಳೋದೇ ಇಲ್ಲ.”

ಪಂಪಿನ ಕೋಣೆಯ ಬಾಗಿಲ ತನಕ ಊರುಗೋಲು ಹಾಕಿಕೊಂಡು ಬಂದು ಮರಳಿನ ಫಿಲ್ಟರನ್ನೂ ನೋಡಿದರು. ಮರಳು ತುಂಬಿದ ದೊಡ್ಡ ಗುಂಡಗಿನ ಡಬ್ಬ. ನೀರು ಮೇಲಿನಿಂದ ಕೆಳಗೆ ಇಳಿಯುವಾಗ ಕೊಳೆ ಮರಳಿನಲ್ಲಿ ಸಿಕ್ಕಿಕೊಳ್ಳುತ್ತದೆ. ಕೊಳೆ ಹೆಚ್ಚಾದಾಗ ಒಂದು ಹಿಡಿ ತಿರುಗಿಸಿದರೆ ನೀರು ಕೆಳಗಿನಿಂದ ಮೇಲಕ್ಕೆ ಹರಿದು, ಸಿಕ್ಕಿದ್ದನ್ನೆಲ್ಲ ಹೊರಗೆ ತೊಳೆದುಹಾಕುತ್ತದೆ. ಇದು ಬ್ಯಾಕ್‌ವಾಶ್. ಅಜ್ಜಿ ಆ ಹಿಡಿಯನ್ನು ಬಹಳ ಹೊತ್ತು ನೋಡಿ, “ಮನುಷ್ಯರ ತಲೆಗೂ ಒಂದು ಇಡಬೇಕಿತ್ತು,” ಎಂದರು. ಸ್ಪಾ ತೊಟ್ಟಿಯ ಜೆಟ್ಟುಗಳಂತೂ ಅವರಿಗೆ ಬಹಳ ಹಿಡಿಸಿದವು. ಬಾಯಿಯನ್ನು ಕಿರಿದು ಮಾಡಿ ಬಿಸಿನೀರನ್ನು ರಭಸವಾಗಿ ಬಿಟ್ಟರೆ, ಆ ರಭಸಕ್ಕೆ ಪಕ್ಕದ ಕೊಳವೆಯ ಗಾಳಿ ತಾನಾಗಿಯೇ ಸೇರಿಕೊಂಡು ಗುಳ್ಳೆಗಳ ಸಮೇತ ಬೆನ್ನಿಗೆ ಗುದ್ದುತ್ತದೆ ಎಂದು ಭಾವ ವಿವರಿಸಿದಾಗ, “ಅಂದ್ರೆ ನಾನು ದುಡ್ಡು ಕೊಟ್ಟು ಗುದ್ದಿಸ್ಕೋಬೇಕು,” ಎಂದು ಸಂತೋಷಪಟ್ಟರು.

ನೀರು ತುಂಬಿ ಆಯಿತು. ಬೆಳಗಾದರೆ ಕೊಳದ ನೀರು ಎರಡು ಬೆರಳು ಇಳಿದಿತ್ತು. ತುಂಬಿಸಿದರು. ಮಾರನೆಯ ದಿನ ಮತ್ತೆ ಎರಡು ಬೆರಳು. ಬಿಸಿಲಿಗೆ ಸ್ವಲ್ಪ ನೀರು ಆರುವುದು ಸಹಜ, ಆದರೆ ಇದು ಆರಿದ ನೀರಲ್ಲ. ಎಲ್ಲೋ ಸೋರುತ್ತಿತ್ತು.

ಸೋರುವ ಕೊಳದ ಮುಂದೆ ಗಾರೆಯವರು ಪೈಪಿನವರ ಕಡೆಗೂ ಪೈಪಿನವರು ಗಾರೆಯವರ ಕಡೆಗೂ ಬೆರಳು ತೋರಿಸುವುದು ಈ ಕಸುಬಿನಲ್ಲಿ ವಾಡಿಕೆ. ಸಾಮಾನ್ಯವಾಗಿ ಇಬ್ಬರೂ ಬೇರೆ ಬೇರೆ ಮನೆಗೆ ಹೋಗಿ ಮಲಗುತ್ತಾರೆ. ಇವರಿಗೆ ಆ ಸೌಲಭ್ಯ ಇರಲಿಲ್ಲ.

“ಪೂರ್ತಿ ಖಾಲಿ ಮಾಡಿ ನೋಡಿಬಿಡಿ,” ಎಂದರು ಡಾಕ್ಟರಮ್ಮ.

“ಆಗಲ್ಲ ಮೇಡಂ,” ಎಂದಳು ಅಕ್ಕ. “ಇಲ್ಲಿ ನೆಲದಡಿ ನೀರು ಮೇಲೇ ಇದೆ. ಖಾಲಿ ತೊಟ್ಟಿ ದೋಣಿ ಇದ್ದ ಹಾಗೆ, ಅಡಿಯಿಂದ ಎತ್ತಿಬಿಡುತ್ತೆ. ಆಮೇಲೆ ನೀವು ಅದರಲ್ಲಿ ಕೂತು ಹುಟ್ಟು ಹಾಕಬೇಕು ಅಷ್ಟೇ.” ಅಷ್ಟಕ್ಕೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. “ತೊಟ್ಟಿ ನೋಡೋದೇನೂ ಬೇಕಿಲ್ಲ. ನೆಲದೊಳಗೆ ಎಲ್ಲೋ ಇವರ ಪೈಪಿನ ಕೀಲು ಬಿಟ್ಟಿರುತ್ತೆ.”

“ಏನಂದೆ?” ಭಾವ ಎದ್ದು ನಿಂತರು. “ಮುಚ್ಚೋಕೆ ಮುಂಚೆ ಅಷ್ಟೂ ಪೈಪಿಗೆ ಒತ್ತಡ ಕೊಟ್ಟು ನೋಡಿದ್ದೀನಿ. ಮುಳ್ಳು ಅಲ್ಲಾಡಿಲ್ಲ. ನಿನ್ನ ಗಾರೇನೇ ಬಿರುಕು ಬಿಟ್ಟಿದೆ.”

“ನನ್ನ ಗಾರೆನಾ? ಕೇಳಿಸ್ಕೊಳ್ಳಿ ಎಲ್ಲಾರೂ. ನನ್ನ ತೊಟ್ಟಿ ಸೋರಿದ್ರೆ ಇವತ್ತಿಂದ ನಾನು ಕರಣೆ ಮುಟ್ಟಲ್ಲ!”

“ನನ್ನ ಪೈಪ್ ಸೋರಿದ್ರೆ ನಾನು ಈ ಕೆಲಸ ಬಿಟ್ಟು ಅಣ್ಣನ ಅಂಗಡೀಲಿ ಕೂತು ನಲ್ಲಿ ಮಾರ್ತೀನಿ!”

ಬೇರೆಯವರ ಬಾಯಲ್ಲಿ ಇದು ಸಿಟ್ಟಿನ ಮಾತು, ಸಂಜೆಗೆ ಆರುತ್ತದೆ. ಇವರ ವಿಷಯ ಹಾಗಲ್ಲ. ಮರಳಿನಲ್ಲಿ ಮಣ್ಣು ಬೆರೆಸಿ ಕೊಟ್ಟವನು ಕ್ಷಮೆ ಕೇಳುವ ತನಕ ಅವನ ಹತ್ತಿರ ವ್ಯವಹಾರ ಇಲ್ಲ ಎಂದು ಅಕ್ಕ ಮದುವೆಗೂ ಮುಂಚೆ ಹೇಳಿದ್ದಳು. ಅವನು ಕೇಳಿಲ್ಲ, ಅವನ ಅಂಗಡಿ ನಮ್ಮ ಬೀದಿಯಲ್ಲೇ ಇದೆ, ನಮ್ಮ ಮರಳು ಈಗಲೂ ಊರಾಚೆಯಿಂದ ಬರುತ್ತದೆ. ಭಾವ ಒಮ್ಮೆ ಪಂಥದಲ್ಲಿ ಸೋತು ಮೀಸೆ ತೆಗೆದವರು, ಮತ್ತೆ ಬಿಟ್ಟಿಲ್ಲ. ಇಬ್ಬರಲ್ಲಿ ಒಬ್ಬರು ಕಸುಬು ಬಿಡುವುದು ಖಂಡಿತ ಎಂದು ನನಗೆ ಗೊತ್ತಾಯಿತು. ಕರಣೆ ಇಲ್ಲದ ಅಕ್ಕನನ್ನು ಕಲ್ಪಿಸಿಕೊಳ್ಳಲು ನೋಡಿದೆ. ಆಗಲಿಲ್ಲ. ಗಲ್ಲಾದ ಹಿಂದೆ ಕೂತು “ಸ್ಟೀಲಿನದು ಬೇಕಾ, ಹಿತ್ತಾಳೇದು ಬೇಕಾ” ಎನ್ನುವ ಭಾವನನ್ನು ಕಲ್ಪಿಸಿಕೊಂಡೆ. ಅದು ಇನ್ನೂ ಕಷ್ಟವಾಯಿತು.

ಪರೀಕ್ಷೆ ನಡೆಸುವ ಕೆಲಸ ಎಂದಿನಂತೆ ನನಗೆ ಬಂತು. ಇಂಥ ಕಡೆ ಮೊದಲು ಮಾಡುವುದು ಬಕೆಟ್ ಪರೀಕ್ಷೆ. ಕೊಳದ ಮೆಟ್ಟಿಲ ಮೇಲೆ ಒಂದು ಬಕೆಟ್ ಇಡಬೇಕು. ಅದರೊಳಗೆ ಕೊಳದ ನೀರನ್ನೇ ತುಂಬಿ, ಹೊರಗಿನ ಮಟ್ಟಕ್ಕೆ ಸಮ ಮಾಡಬೇಕು. ಒಳಗೊಂದು ಹೊರಗೊಂದು ಗೆರೆ ಎಳೆಯಬೇಕು. ಒಂದೇ ಬಿಸಿಲು, ಒಂದೇ ಗಾಳಿ. ಆರುವುದಾದರೆ ಎರಡೂ ಒಂದೇ ಸಮ ಆರುತ್ತವೆ. ಕೊಳದ ನೀರು ಬಕೆಟ್ಟಿನ ನೀರಿಗಿಂತ ಹೆಚ್ಚು ಇಳಿದರೆ ಆ ಹೆಚ್ಚಿನಷ್ಟು ಸೋರಿಕೆ. ಇದನ್ನು ಪಂಪು ನಿಲ್ಲಿಸಿ ಒಂದು ದಿನ, ಓಡಿಸಿ ಒಂದು ದಿನ ಮಾಡಬೇಕು. ಓಡಿಸಿದಾಗ ಸೋರಿಕೆ ಜಾಸ್ತಿಯಾದರೆ ಒತ್ತಡದ ಪೈಪು ಅನುಮಾನಕ್ಕೆ ಬರುತ್ತದೆ. ಎರಡು ದಿನವೂ ಒಂದೇ ಆದರೆ ತೊಟ್ಟಿಯನ್ನು ನೋಡಬೇಕು. ಸರಳ, ಅಗ್ಗ, ನಿಷ್ಪಕ್ಷಪಾತ. ಗೆರೆ ಎಳೆದು, ಪಂಪು ನಿಲ್ಲಿಸಿ, ಯಾರೂ ಮುಟ್ಟಬಾರದೆಂದು ಹೇಳಿ ನಾನು ನನ್ನ ಕೆಲಸಕ್ಕೆ ಹೋದೆ.

ಮಾರನೆಯ ದಿನ ಸಂಜೆ ಬಂದು ನೋಡಿದೆ. ಬಕೆಟ್ಟಿನಲ್ಲಿ ನೀರು ನೂಲಿನಷ್ಟು ಇಳಿದಿತ್ತು. ಸರಿ. ಕೊಳದಲ್ಲಿ ನೀರು ಎರಡು ಬೆರಳು ಏರಿತ್ತು.

ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದೆ. ಏರಿತ್ತು.

“ಮಳೆ ಬಂತಾ?” ಎಂದು ಕೇಳಿದೆ.

“ಆಕಾಶ ನೋಡಪ್ಪ, ಮೋಡಕ್ಕೇ ಬಾಯಾರಿದೆ,” ಎಂದರು ಅಜ್ಜಿ.

ಅಕ್ಕ ಬಂದು ಬಗ್ಗಿ ನೋಡಿದಳು. ಅವಳ ಮುಖದಲ್ಲಿ ಒಂದು ಕ್ಷಣ ನಿಜವಾದ ದಿಗಿಲು ಕಂಡಿತು. ಭಾವ ನೋಡಿ, ಕೆಮ್ಮಿ, “ನೆಲದಡಿ ನೀರು ಒಳಗೆ ಬರ್ತಿರಬಹುದು,” ಎಂದರು. “ಹೂಂ, ಇರಬಹುದು,” ಎಂದಳು ಅಕ್ಕ. ಇದು ನನಗೆ ನೀರು ಏರಿದ್ದಕ್ಕಿಂತ ದೊಡ್ಡ ಆಶ್ಚರ್ಯ. ಅವರು ಹೇಳಿದ್ದನ್ನು ಇವಳು ಒಪ್ಪಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

ಅವರಿಬ್ಬರೂ ಒಬ್ಬೊಬ್ಬರಾಗಿ ಅಲ್ಲಿಂದ ಜಾರಿಕೊಂಡರು. ನಾನು ಮೆಟ್ಟಿಲ ಮೇಲೆ ಕೂತು ಯೋಚಿಸತೊಡಗಿದೆ. ಇಳಿಯಬೇಕಾದದ್ದು ಎರಡು ಬೆರಳು, ಏರಿದ್ದು ಎರಡು ಬೆರಳು. ಅಂದರೆ ಎಲ್ಲಿಂದಲೋ ನಾಲ್ಕು ಬೆರಳಿನಷ್ಟು ನೀರು ಬಂದಿದೆ. ಸೋರುವುದರ ಸರಿಯಾಗಿ ಎರಡು ಪಟ್ಟು. ನಿಸರ್ಗ ಇಷ್ಟು ಅಚ್ಚುಕಟ್ಟಾಗಿ ಲೆಕ್ಕ ಇಡುವುದಿಲ್ಲ.

ಅಜ್ಜಿ ಕಾಲು ಎತ್ತಿ ಇಳಿಸುತ್ತಾ ನನ್ನನ್ನೇ ನೋಡುತ್ತಿದ್ದರು. “ಏನಪ್ಪಾ, ತಲೆ ಕೆಡಿಸ್ಕೊಂಡೆಯಾ?”

“ನೀರು ಎಲ್ಲಿಂದ ಬಂತು ಅಂತ ಗೊತ್ತಾಗ್ತಿಲ್ಲ ಅಜ್ಜಿ.”

“ನಲ್ಲಿಯಿಂದ.”

“ಯಾವ ನಲ್ಲಿ?”

“ಗಿಡಕ್ಕೆ ನೀರು ಬಿಡೋ ನಲ್ಲಿ. ಬೆಳಿಗ್ಗೆ ಅವನು ಬಿಟ್ಟ. ಮಧ್ಯಾಹ್ನ ಅವನು ಊಟ ಮಾಡಿ ಮಲಗಿದ್ದಾಗ ಅವಳು ಬಿಟ್ಟಳು. ಇಬ್ಬರೂ ನಿನ್ನ ಗೆರೆ ಕಡೆ ನೋಡ್ದೆ, ಅಳತೆ ಕಡ್ಡಿ ಇಟ್ಕೊಂಡು, ಎರಡೇ ಬೆರಳು, ಒಂದು ಹನಿ ಹೆಚ್ಚಿಲ್ಲ.”

“ಮತ್ತೆ ನೀವು ಯಾಕೆ ಹೇಳಲಿಲ್ಲ?”

“ಮಾತು ಕೊಟ್ಟಿದ್ದೆ. ಅವಳಿಗೆ ಹೇಳಬೇಡಿ ಅಂತ ಅವನು. ಅವನಿಗೆ ಹೇಳಬೇಡಿ ಅಂತ ಅವಳು. ನಿನಗೆ ಹೇಳಬೇಡಿ ಅಂತ ಯಾರೂ ಅಂದಿಲ್ಲ. ನೀನು ಕೇಳಲಿಲ್ಲ, ನಾನು ಹೇಳಲಿಲ್ಲ.”

ಅಜ್ಜಿ ಎರಡೂ ಕಡೆಯ ಮಾತನ್ನು ಅವರವರ ಧ್ವನಿಯಲ್ಲೇ ಒಪ್ಪಿಸಿದರು. ಭಾವ ಹೇಳಿದ್ದು: “ಪಾಪ, ಅವಳ ತೊಟ್ಟಿ ಸೋರ್ತಿದೆ ಅಜ್ಜಿ. ನನ್ನ ಪೈಪು ಸರಿ ಇದೆ ಅಂತ ನನಗೆ ಗೊತ್ತಲ್ಲ, ಅದಕ್ಕೇ ಅವಳದ್ದೇ ಅಂತ ಗೊತ್ತು. ಪರೀಕ್ಷೇಲಿ ಸಿಕ್ಕಿಬಿದ್ರೆ ಕರಣೆ ಬಿಡ್ತಾಳೆ. ಕರಣೆ ಬಿಟ್ಟು ಅವಳು ಮನೇಲಿ ಕೂತ್ರೆ ನನ್ನ ಗತಿ ಏನು? ಅವಳ ಗತಿ ಏನು?” ಅಕ್ಕ ಹೇಳಿದ್ದು: “ನನ್ನ ತೊಟ್ಟಿ ಗಟ್ಟಿ ಇದೆ, ಅಂದ್ಮೇಲೆ ಪೈಪೇ ಹೋಗಿರೋದು. ನಲ್ಲಿ ಮಾರೋ ಮುಖನಾ ಅಜ್ಜಿ ಅದು? ಗಿರಾಕಿ ಒಂದು ಕೇಳಿದ್ರೆ ಇವರು ಮೂರು ಪಾಠ ಹೇಳ್ತಾರೆ. ಅವರಣ್ಣ ವಾರದಲ್ಲಿ ಓಡಿಸ್ತಾನೆ.”

ತನ್ನ ಕೆಲಸದ ಮೇಲಿನ ಸೊಕ್ಕು ಇಬ್ಬರಿಗೂ ಎಷ್ಟು ಬಲವಾಗಿತ್ತೆಂದರೆ, ಸೋಲುವವರು ಇನ್ನೊಬ್ಬರೇ ಎಂಬುದರಲ್ಲಿ ಇಬ್ಬರಿಗೂ ಎಳ್ಳಷ್ಟೂ ಸಂಶಯವಿರಲಿಲ್ಲ. ಆದ್ದರಿಂದ ಇಬ್ಬರೂ ಇನ್ನೊಬ್ಬರನ್ನು ಉಳಿಸಲು ಮೋಸ ಮಾಡಿದ್ದರು.

ಇದನ್ನು ತಿಳಿಸಿದರೆ ಇಬ್ಬರ ಕಣ್ಣೂ ಒದ್ದೆಯಾಗುತ್ತದೆ, ಶಪಥ ಅಲ್ಲಿಗೆ ಕರಗುತ್ತದೆ ಎಂದು ನಾನು ಎಣಿಸಿದೆ. ಕರೆದು ಎದುರೆದುರು ನಿಲ್ಲಿಸಿ ಹೇಳಿದೆ. ಆಮೇಲೆ ಅಕ್ಕ ಸೊಂಟಕ್ಕೆ ಕೈ ಇಟ್ಟಳು.

“ಅಂದ್ರೆ ನನ್ನ ತೊಟ್ಟಿ ಸೋರುತ್ತೆ ಅಂತ ನೀವು ಖಾತ್ರಿಯಾಗಿ ನಂಬಿಬಿಟ್ರಾ? ಅನುಮಾನ ಕೂಡ ಇಲ್ಲ, ಖಾತ್ರಿ!”

“ನೀನೇನು ಕಡಿಮೆನಾ? ನನ್ನ ಪೈಪನ್ನ ಒಂದು ದಿನಾನಾದ್ರೂ ನಂಬಿದ್ದೀಯಾ?”

“ಪಾಪ ಅಂದ್ರಂತೆ! ನನಗೆ! ಪಾಪ!”

“ಅಣ್ಣ ಓಡಿಸ್ತಾನೆ ಅಂದೆಯಂತೆ! ನನ್ನನ್ನ!”

ಜಗಳ ಮೊದಲಿಗಿಂತ ಜೋರಾಗಿ ಶುರುವಾಯಿತು. ಈಗ ಶಪಥ ಕರಗುವ ಬದಲು ಇನ್ನಷ್ಟು ಬಿಗಿಯಾಯಿತು. ಡಾಕ್ಟರಮ್ಮ ಹೊರಗೆ ಬಂದು, ಏನು ನಡೆಯಿತೆಂದು ತಾಯಿಯ ಬಾಯಿಂದ ಕೇಳಿ, ನೇರ ಹೋಗಿ ಗಿಡದ ನಲ್ಲಿಯ ಹಿಡಿಯನ್ನೇ ಬಿಚ್ಚಿ ಕೋಟಿನ ಜೇಬಿಗೆ ಹಾಕಿಕೊಂಡರು. “ಇನ್ನು ಯಾರೂ ಯಾರನ್ನೂ ಉಳಿಸೋದು ಬೇಡ,” ಎಂದರು. “ನೀರು ಎಲ್ಲಿಗೆ ಹೋಗುತ್ತೋ ಹೋಗ್ಲಿ.”

ನೀರು ಇಳಿಯಿತು. ಏರಿದ್ದಷ್ಟು ಇಳಿಯಿತು, ಹಳೆಯ ಗೆರೆ ದಾಟಿತು, ಬಿಲ್ಲೆಯ ಸಾಲಿನ ಉದ್ದಕ್ಕೂ ಕೆಳಗೆ ಸರಿಯಿತು. ಆ ದಿನಗಳಲ್ಲಿ ಅಕ್ಕ ಕೊಳದ ಆ ತುದಿಯಲ್ಲಿ, ಭಾವ ಈ ತುದಿಯಲ್ಲಿ. ಊಟದ ಡಬ್ಬ ನಾನು ಅತ್ತಿಂದಿತ್ತ ಸಾಗಿಸಬೇಕಾಯಿತು. ಒಂದು ಬೆಳಿಗ್ಗೆ ಬಂದು ನೋಡಿದರೆ ನೀರು ನಿಂತಿತ್ತು. ಸಂಜೆಯೂ ಅಲ್ಲೇ ಇತ್ತು. ಮಾರನೆಯ ದಿನ ಬಕೆಟ್ಟಿನ ನೀರು ಆರಿದಷ್ಟೇ ಆರಿತ್ತು, ಅದಕ್ಕಿಂತ ಹೆಚ್ಚಿಲ್ಲ.

ಸೋರುವ ಪಾತ್ರೆಯಲ್ಲಿ ನೀರು ತೂತು ಇರುವಲ್ಲಿಗೆ ಬಂದು ನಿಲ್ಲುತ್ತದೆ. ನೀರು ಎಲ್ಲಿ ನಿಂತಿದೆ ಎಂದು ಇಬ್ಬರೂ ನೋಡಿದರು. ಸ್ಕಿಮ್ಮರಿನ ಚೌಕದ ಬಾಯಿ, ಅದರ ಕೆಳತುಟಿಯ ಮಟ್ಟಕ್ಕೆ.

ಡಾಕ್ಟರಮ್ಮ ನಲ್ಲಿಯ ಹಿಡಿ ಹಾಕಿ, ಈ ಸಲ ಎಲ್ಲರ ಎದುರಿಗೆ, ನಾಲ್ಕು ಬೆರಳು ನೀರು ಬಿಟ್ಟರು. ನೀರು ಅಲುಗಾಡದೆ ನಿಲ್ಲುವ ತನಕ ಕಾದೆವು. ನಾನು ನೀರಿನ ಆಮ್ಲತೆ ನೋಡುವ ಪೆಟ್ಟಿಗೆಯಿಂದ ಕೆಂಪು ದ್ರಾವಣವನ್ನು ಪಿಚಕಾರಿಯಲ್ಲಿ ಎಳೆದುಕೊಂಡು ನೀರಿಗಿಳಿದು, ಸ್ಕಿಮ್ಮರಿನ ಬಾಯಿಯ ಅಂಚಿನಲ್ಲಿ ಮೆತ್ತಗೆ ಬಿಟ್ಟೆ. ಬಣ್ಣ ಮೋಡದಂತೆ ನಿಂತಿತು. ಎಡಗಡೆಯ ಮೂಲೆಗೆ ಸರಿಸಿದೆ. ಅಲ್ಲಿ ಅದು ದಾರದ ಹಾಗೆ ತೆಳ್ಳಗಾಗಿ, ಪ್ಲಾಸ್ಟಿಕ್ ತುಟಿಗೂ ಗಾರೆಗೂ ನಡುವಿನ ಸಂದಿಯೊಳಗೆ ನೇರವಾಗಿ ಹೊಕ್ಕಿತು.

ಸ್ಕಿಮ್ಮರ್ ಭಾವನ ಪ್ಲಾಸ್ಟಿಕ್ ಡಬ್ಬ. ಅದನ್ನು ಸುತ್ತುವರಿದು ಕೂತದ್ದು ಅಕ್ಕನ ಗಾರೆ. ನುಣುಪಾದ ಪ್ಲಾಸ್ಟಿಕ್ಕಿಗೆ ಸಿಮೆಂಟು ಹಿಡಿದುಕೊಳ್ಳುವುದಿಲ್ಲವೆಂದು ಇಬ್ಬರಿಗೂ ಚೆನ್ನಾಗಿ ಗೊತ್ತು. ಅದಕ್ಕಾಗಿಯೇ ನಡುವೆ ಸುತ್ತಲೂ ಒಂದು ಅಂಟು ಹಚ್ಚುತ್ತಾರೆ. ರಬ್ಬರಿನಂತೆ ಅದು ಎರಡನ್ನೂ ಹಿಡಿದುಕೊಳ್ಳುತ್ತದೆ.

“ಅಂಟು ಹಚ್ಚಿದ್ಯಲ್ಲ?” ಎಂದರು ಭಾವ.

“ನೀವು ಹಚ್ಚಿದ್ರಿ ಅಂದ್ಕೊಂಡೆ,” ಎಂದಳು ಅಕ್ಕ.

“ಗಾರೆ ಹಾಕುವಾಗ ನೀನೇ ಹಚ್ತೀಯ ಅಂತ ನಾನು ಬಿಟ್ಟೆ.”

“ಡಬ್ಬ ಕೂರಿಸೋರು ಹಚ್ಚಿರ್ತಾರೆ ಅಂತ ನಾನು ಮುಚ್ಚಿದೆ.”

ನೀರನ್ನು ಇಬ್ಬರೂ ಹಾಕಿದ್ದರು. ಅಂಟನ್ನು ಇಬ್ಬರೂ ಹಾಕಿರಲಿಲ್ಲ.

“ಹಾಗಾದ್ರೆ ಯಾರು ಕೆಲಸ ಬಿಡೋದು?” ಎಂದು ಕೇಳಿದರು ಅಜ್ಜಿ. ಅಲ್ಲಿದ್ದವರಲ್ಲಿ ಅವರಿಗೊಬ್ಬರಿಗೇ ಆ ಧೈರ್ಯ.

ನಾನು ತಕ್ಷಣ, ಇದು ತೊಟ್ಟಿಯೂ ಅಲ್ಲ ಪೈಪೂ ಅಲ್ಲ, ಶಪಥದಲ್ಲಿ ಇದರ ಮಾತೇ ಇರಲಿಲ್ಲ ಎಂದೆ. ಯಾರೂ ಕೇಳಿಸಿಕೊಳ್ಳಲಿಲ್ಲ.

“ನಾನೇ,” ಎಂದಳು ಅಕ್ಕ. ಅವಳ ದನಿ ಸಣ್ಣದಾಗಿತ್ತು. “ಕೊನೇಲಿ ಮುಚ್ಚಿದ ಕೈ ನಂದು. ಮುಚ್ಚೋಕೆ ಮುಂಚೆ ನೋಡಬೇಕಿತ್ತು. ತಪ್ಪು ನಂದು.”

“ಅದು ಹೇಗಾಗುತ್ತೆ? ಡಬ್ಬ ನಂದು. ತಪ್ಪು ನಂದು.”

“ನಂದು ಅಂದೆನಲ್ಲ ರೀ!”

“ಏ, ನಂದು ಅಂದ್ರೆ ನಂದು ಕಣೇ! ಇದರಲ್ಲೂ ಪಾಲಿಗೆ ಬರ್ತೀಯಾ?”

“ಮೊದ್ಲು ಯಾರಾದ್ರೂ ನನ್ನ ಕೊಳ ಸರಿ ಮಾಡಿ,” ಎಂದರು ಡಾಕ್ಟರಮ್ಮ. “ಆಮೇಲೆ ಇಬ್ಬರೂ ಬಿಡಿ, ನನ್ನ ಅಭ್ಯಂತರ ಇಲ್ಲ.”

ನೀರಿನೊಳಗೇ ಗಟ್ಟಿಯಾಗುವ ಒಂದು ಬಗೆಯ ಮೆತ್ತನೆಯ ಹಿಟ್ಟು ಅಂಗಡಿಯಲ್ಲಿ ಸಿಗುತ್ತದೆ. ಎರಡು ಬಣ್ಣದ ಎರಡು ಉಂಡೆ ಇರುತ್ತವೆ. ಬೇರೆ ಬೇರೆ ಇಟ್ಟರೆ ವರ್ಷಗಟ್ಟಲೆ ಹಾಗೆಯೇ ಇರುತ್ತವೆ, ಸಮಸಮ ಕಲಸಿದರೆ ಗಟ್ಟಿಯಾಗಲು ಶುರುವಾಗುತ್ತದೆ. ಕಲಸಿ ಸಂದಿಗೆ ತುಂಬಿ, ಹಿಡಿಯುವ ತನಕ ಒತ್ತಿಕೊಂಡಿರಬೇಕು. ಇದಕ್ಕೆ ಕರಣೆಯೂ ಬೇಡ, ಸ್ಪ್ಯಾನರೂ ಬೇಡ, ಬರೀ ಕೈ ಸಾಕು. ಅಕ್ಕ ಸೀರೆಯ ಮೇಲೆ ಹಾಕಿಕೊಳ್ಳುವ ಕೆಲಸದ ಅಂಗಿಯೊಂದಿಗೇ ನೀರಿಗಿಳಿದಳು. ಭಾವ ಪ್ಯಾಂಟು ಮಡಿಸಿಕೊಂಡು ಇಳಿದರು. ನೀರು ಎದೆಮಟ್ಟ ಇದ್ದುದರಿಂದ ಮಡಿಸಿದ್ದು ವ್ಯರ್ಥವಾಯಿತು. ಅವರು ಡಬ್ಬದ ಒಳಗಿನಿಂದ ಹೆಬ್ಬೆರಳಲ್ಲಿ ಒತ್ತಿದರು, ಅವಳು ಗಾರೆಯ ಕಡೆಯಿಂದ ಅಂಗೈಯಲ್ಲಿ ಒತ್ತಿದಳು. ಮುಖ ಮುಖ ತಾಗುವಷ್ಟು ಹತ್ತಿರ, ಕದಲುವಂತಿಲ್ಲ.

“ಸಮ ಕಲಸಿದ್ರಾ? ಬೂದಿ ಬಣ್ಣ ಜಾಸ್ತಿ ಆದ ಹಾಗಿದೆ.”

“ನೀನೇ ಕಲಸಿದ್ದು.”

“ನಾನು ಅರ್ಧ ಕಲಸಿದ್ದು.”

ನೀರಿನ ಬೆಳಕು ಅವರ ಗದ್ದದ ಮೇಲೆ ಆಡುತ್ತಿತ್ತು.

“ಕೈ ತೆಗೆದ ಮೇಲೆ ನಾನು ಕೆಲಸ ಬಿಡಬೇಕು,” ಎಂದಳು ಅಕ್ಕ.

“ನಾನೂ ಬಿಡಬೇಕು,” ಎಂದರು ಭಾವ. ಆಮೇಲೆ ಎಂದರು: “ಹಾಗಾದ್ರೆ ತೆಗೀಬೇಡ.”

ಅಕ್ಕ ಕೈಯನ್ನು ಇನ್ನಷ್ಟು ಒತ್ತಿದಳು.

ಆ ಹಿಟ್ಟು ಹಿಡಿದುಕೊಳ್ಳಲು ಅರ್ಧ ಗಂಟೆ ಸಾಕೆಂದು ಡಬ್ಬಿಯ ಮೇಲೆ ಬರೆದಿದೆ. ಬಿಸಿಲು ಗೋಡೆಯ ಮೇಲಿಂದ ಇಳಿದು ಹೋದ ಮೇಲೂ ಅವರು ಅಲ್ಲೇ ನಿಂತಿದ್ದರು. ಅಜ್ಜಿ ಇಷ್ಟು ದಿನ ಕಾದದ್ದು ಸಾಕೆಂದು, ಮಗಳ ಭುಜ ಹಿಡಿದು, ಟವೆಲನ್ನು ಕುರ್ಚಿಯ ಮೇಲೆ ಬಿಟ್ಟು, ಒಂದೊಂದೇ ಮೆಟ್ಟಿಲು ಇಳಿದು ನೀರಿಗೆ ಬಂದರು. ಸೊಂಟದ ತನಕ ನೀರು ಬಂದಾಗ ಹಾಯಾಗಿ ಉಸಿರು ಬಿಟ್ಟು, ಆ ಮೂಲೆಯ ಕಡೆ ತಿರುಗಿದರು.

“ಏನ್ರಪ್ಪಾ, ಗಟ್ಟಿಯಾಯ್ತಾ?”

“ಇನ್ನೂ ಇಲ್ಲ ಅಜ್ಜಿ,” ಎಂದರು ಇಬ್ಬರೂ ಒಟ್ಟಿಗೆ.